ಜರಡಿಯಲ್ಲಿ ಉಳಿದ ತೌಡು

ಮದುವೆಯಾಗಿ ಸಿಂಧನೂರಿಗೆ ಬಂದ ಹೊಸದರಲ್ಲಿ ನಮ್ಮತ್ತೆ ಜೋಳದ ಹಿಟ್ಟನ್ನು ಎರಡೆರಡು ಸಲ ಜರಡಿ ಹಿಡಿಸುತ್ತಿದ್ದರು. ರೊಟ್ಟಿ ಬೆಳ್ಳಗೆ ಬರಬೇಕು, ಬೀಗರ ಮುಂದೆ ಮಾನ ಉಳಿಯಬೇಕು. ಜರಡಿಯಲ್ಲಿ ಉಳಿದ ತೌಡು ಎಮ್ಮೆಗೆ. ಎಷ್ಟೋ ವರ್ಷ ನಾನೂ ಹಾಗೇ ಮಾಡಿದೆ. ನಮ್ಮ ಮನೆಯವರಿಗೆ ಎದೆನೋವು ಬಂದು, ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ಊಟದ ಚೀಟಿ ಓದಿದೆ. ಆಗ ಗೊತ್ತಾಯಿತು, ಒಳ್ಳೆಯದನ್ನೆಲ್ಲ ಎಮ್ಮೆ ತಿಂದಿತ್ತು.

ಕಾಳಿನ ನಾರು, ಬಿ ವಿಟಮಿನ್, ಮೆಗ್ನೀಸಿಯಂ ಹೆಚ್ಚಾಗಿ ಇರುವುದು ಮೇಲಿನ ಹೊಟ್ಟಿನಲ್ಲಿ, ಅಂದರೆ ಈ ತೌಡಿನಲ್ಲಿ, ಮತ್ತು ಮೊಳಕೆ ಒಡೆಯುವ ಮೂಲೆಯಲ್ಲಿ. ನಡುವಿನ ಬಿಳಿ ಭಾಗ ಬಹುಪಾಲು ಪಿಷ್ಟ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದ್ದರೆ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ನಾರಿನಲ್ಲಿ ನೀರಿಗೆ ಕರಗುವ ಒಂದು ಜಾತಿ ಇದೆ. ಅದು ಕರುಳಿನಲ್ಲಿ ಪಿತ್ತವನ್ನು, ಅಂದರೆ ಜಿಡ್ಡು ಅರಗಿಸಲು ಲಿವರ್ ಮಾಡುವ ರಸವನ್ನು, ಹಿಡಿದುಕೊಂಡು ಹೊರಗೆ ಹೋಗುತ್ತದೆ. ಹೊಸ ಪಿತ್ತ ಮಾಡಲು ಲಿವರ್ ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳಬೇಕಾಗುತ್ತದೆ. ಲೆಕ್ಕ ಇಷ್ಟೇ. ಈ ಗುಣ ಓಟ್ಸ್, ಜವೆಗೋಧಿಯಲ್ಲಿ ಜಾಸ್ತಿ, ಜೋಳದಲ್ಲಿ ಕಡಿಮೆ. ಅದನ್ನು ಮುಚ್ಚಿಡಬಾರದು. ಆದರೆ ಬಿಳಿ ಅನ್ನದ ಜಾಗಕ್ಕೆ ರೊಟ್ಟಿ ಬಂದರೆ ಹೊಟ್ಟೆ ಬೇಗ ತುಂಬುತ್ತದೆ, ಊಟವಾದ ಮೇಲೆ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ಜೊತೆಗೆ ಕಾಳಿನ ಪಲ್ಯ ಇದ್ದರೆ ಕರಗುವ ನಾರೂ ಸಿಕ್ಕಿತು, ಅಲ್ವಾ?

ನಮ್ಮ ಹಿರಿಯರಿಗೆ ಇದನ್ನೆಲ್ಲ ಯಾರೂ ಹೇಳಿಕೊಡಲಿಲ್ಲ. ಹೊಲದಲ್ಲಿ ಬೆಳೆದದ್ದೇ ಜೋಳ, ಸಜ್ಜೆ, ನವಣೆ. ಅಕ್ಕಿ ಅನ್ನ ಹಬ್ಬಕ್ಕೆ. 1953ರಲ್ಲಿ ತುಂಗಭದ್ರಾ ಡ್ಯಾಮ್ ಆಯಿತು, ಆಮೇಲೆ ಕಾಲುವೆ ನೀರು ಬಂತು, ಗಂಗಾವತಿ, ಸಿಂಧನೂರು, ಸಿರುಗುಪ್ಪ ಎಲ್ಲ ಭತ್ತದ ಗದ್ದೆಯಾದವು. ಕಾಲುವೆ ನಮಗೆ ಅನ್ನ ಕೊಟ್ಟಿದೆ, ಬೈಯುವುದಿಲ್ಲ. ಆದರೆ ಮೂರು ಹೊತ್ತೂ ಸೋನಾ ಮಸೂರಿ, ಬೆಳಿಗ್ಗೆ ಮಂಡಾಳ (ಮಂಡಕ್ಕಿ) ಒಗ್ಗರಣೆ, ಪಕ್ಕದಲ್ಲಿ ನಾಲ್ಕು ಮಿರ್ಚಿ. ಇದು ಈಗಿನ ಚಾಳಿ.

ಚೀಟಿ ಓದಿದ ಹುರುಪಿನಲ್ಲಿ ನಾನು ಒಂದು ತಪ್ಪು ಮಾಡಿದೆ. ಒಂದೇ ದಿನದಲ್ಲಿ ಅನ್ನ ಬಂದ್. ಬೆಳಿಗ್ಗೆ ನವಣೆ, ಮಧ್ಯಾಹ್ನ ಸಜ್ಜೆ ರೊಟ್ಟಿ, ರಾತ್ರಿ ತೌಡು ಬೆರೆಸಿದ ಜೋಳದ ಸಂಗಟಿ. ಮೂರನೇ ರಾತ್ರಿ ನಮ್ಮ ಮನೆಯವರು ಹೊಟ್ಟೆ ನಗಾರಿಯಂತೆ ಉಬ್ಬಿ, ಎದೆ ಹಿಡಿದುಕೊಂಡು ಎದ್ದು ಕೂತರು. ಎರಡು ಗಂಟೆಗೆ ಆಸ್ಪತ್ರೆಗೆ ಓಡಿದೆವು. ಇಸಿಜಿ ಸರಿಯಿತ್ತು, ರಕ್ತ ಪರೀಕ್ಷೆಯೂ ಸರಿಯಿತ್ತು. ಬರೀ ಗ್ಯಾಸ್. ಹಾಗಂತ ಗ್ಯಾಸ್ ಇರಬೇಕು ಬಿಡು ಎಂದು ಮನೆಯಲ್ಲೇ ಕೂರಬೇಡಿ. ಎದೆ ಹಿಡಿದರೆ ಮೊದಲು ಆಸ್ಪತ್ರೆ, ಆಮೇಲೆ ಮಾತು. ಆಮೇಲಿಂದ ನಾನು ಮೊದಲ ವಾರ ಒಂದೇ ಹೊತ್ತು, ಒಂದೇ ರೊಟ್ಟಿ ಎಂದು ಶುರು ಮಾಡಿದೆ. ನೀರು ಜಾಸ್ತಿ ಕುಡಿಸಿದೆ. ಡಾಕ್ಟರು ನೀರಿಗೆ ಮಿತಿ ಹಾಕಿದ್ದರೆ ಮಾತ್ರ ಅವರು ಹೇಳಿದಷ್ಟೇ.

ಜರಡಿ ಹಿಡಿಯದ ಹಿಟ್ಟಿನ ರೊಟ್ಟಿ ಬಡಿಯುವಾಗ ಹರಿಯುತ್ತದೆ ಎಂದು ಸೊಸೆಯಂದಿರು ದೂರುತ್ತಾರೆ. ತಪ್ಪು ತೌಡಿನದಲ್ಲ, ಎಸರಿನದು. ಜೋಳದಲ್ಲಿ ಗೋಧಿಯ ಹಾಗೆ ಎಳೆಯುವ ಜಿಗುಟು ಇಲ್ಲ. ಕುದಿಯುವ ನೀರು ಬಿದ್ದಾಗ ಪಿಷ್ಟ ಬೆಂದು ಅಂಟು ಬರುತ್ತದೆ. ಹಿಟ್ಟಿನ ನಡುವೆ ಗುಂಡಿ ಮಾಡಿ, ಕೊತಕೊತ ಕುದಿಯುವ ಎಸರು ಸುರಿದು, ಚಮಚದಿಂದ ಕಲಸಿ ಸ್ವಲ್ಪ ಹೊತ್ತು ಮುಚ್ಚಿಡಿ. ಕೈ ತಡೆಯುವಷ್ಟು ಆರಿದ ಮೇಲೆ ಅಂಗೈ ಬುಡದಿಂದ ಒತ್ತಿ ಒತ್ತಿ ನಾದಿ. ಬಡಿದ ರೊಟ್ಟಿ ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಸವರಿ. ನೀರು ಆರುತ್ತಿದ್ದ ಹಾಗೇ ತಿರುವಿ ಹಾಕಿ. ಅಂಚಿನಲ್ಲಿ ಒತ್ತಿದರೆ ಪೂರಿಯಂತೆ ಉಬ್ಬಬೇಕು. ತೌಡಿನ ಚುಕ್ಕಿ ಕಾಣುತ್ತದೆ, ಕಾಣಲಿ ಬಿಡಿ. ಇಷ್ಟಾದರೂ ಹರಿದರೆ ಹಿಟ್ಟು ಹಳೆಯದು.

ನವಣೆ ಕೊಳ್ಳುವಾಗ ಒಂದು ಮಾತು. ಫಳಫಳ ಹೊಳೆಯುವುದನ್ನು ನಾನು ತರುವುದಿಲ್ಲ, ಪಾಲಿಶ್ ಆಗಿರುತ್ತದೆ. ಸಿಪ್ಪೆ ಮಾತ್ರ ತೆಗೆದದ್ದು ಸ್ವಲ್ಪ ಮಂಕಾಗಿರುತ್ತದೆ. ಒಂದು ಗಂಟೆ ನೆನೆಸಿ, 1 ಲೋಟಕ್ಕೆ 2 ಲೋಟ ನೀರಿಟ್ಟರೆ ಅನ್ನದಂತೆ ಬಿಡಿಬಿಡಿಯಾಗುತ್ತದೆ. ಬೇಕರಿಯ ಬ್ರೌನ್ ಬ್ರೆಡ್ಡಿಗೆ ಬಣ್ಣ ನೋಡಿ ಮರುಳಾಗಬೇಡಿ, ಹಿಂದೆ ಬರೆದ ಪಟ್ಟಿಯಲ್ಲಿ ಮೊದಲು ಮೈದಾ ಇದೆಯಾ ನೋಡಿ.

ನಮ್ಮ ಊಟದ ದೊಡ್ಡ ಕಳ್ಳ ಉಪ್ಪು. ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಟೀ ಚಮಚ ದಾಟಬಾರದು. ಕಟಕ್ ರೊಟ್ಟಿ ಮೇಲೆ ಶೇಂಗಾ ಚಟ್ನಿಪುಡಿ ಸುರಿದು, ಪಕ್ಕಕ್ಕೆ ಉಪ್ಪಿನಕಾಯಿ, ಹಪ್ಪಳ ಇಟ್ಟರೆ ರೊಟ್ಟಿಯ ಲಾಭ ಅಲ್ಲೇ ಹೋಯಿತು. ನಾನು ಅಗಸಿ ಚಟ್ನಿಯಲ್ಲಿ ಅರ್ಧ ಉಪ್ಪು ತೆಗೆದು ಹುಣಸೆ, ಬೆಳ್ಳುಳ್ಳಿ ಹೆಚ್ಚಿಸಿದೆ. ಅಗಸಿಯನ್ನು ಹುರಿದು ಕುಟ್ಟಲೇಬೇಕು, ಇಡೀ ಕಾಳು ಹಾಗೇ ಹೊರಗೆ ಹೋಗುತ್ತದೆ. ಮಾತ್ರೆಗಳನ್ನು ಮಾತ್ರ ರೊಟ್ಟಿ ನಂಬಿ ಬಿಡಬೇಡಿ.

ತೌಡಿನ ಜೊತೆ ಎಣ್ಣೆ ಅಂಶವೂ ಹಿಟ್ಟಿನಲ್ಲೇ ಉಳಿಯುವುದರಿಂದ ಬೇಗ ಕಮಟು ಹಿಡಿಯುತ್ತದೆ. ಸಜ್ಜೆಯಂತೂ ಕಹಿಯೇ ಆಗುತ್ತದೆ. ಅದಕ್ಕೇ ನಾನು ಗಿರಣಿಗೆ ತಿಂಗಳಿಗಾಗುವಷ್ಟು ಕಳಿಸುವುದಿಲ್ಲ. ವಾರಕ್ಕೆ ಎರಡು ಸೇರು ಜೋಳ, ಅರ್ಧ ಸೇರು ಸಜ್ಜೆ, ಬೇರೆ ಬೇರೆ ಡಬ್ಬಿಯಲ್ಲಿ.