ಬೇಸಿಗೆ ಶಿಬಿರ: ಮಕ್ಕಳ ಹೊಣೆ ಹೊರುವ ಮುನ್ನ

ಶಾಲೆಗೆ ರಜೆ ಸಿಕ್ಕಿತೆಂದರೆ ಊರೂರಲ್ಲಿ ಬೇಸಿಗೆ ಶಿಬಿರ. ‘ಏನಾದರೂ ಆದರೆ ಆಯೋಜಕರು ಹೊಣೆಯಲ್ಲ’ ಎಂಬ ಸಾಲಿನ ಕೆಳಗೆ ಪೋಷಕರ ಸಹಿ ಪಡೆದು ನಿಶ್ಚಿಂತರಾಗುವವರು ಬಹಳ. ಆ ಸಹಿಯನ್ನು ನಂಬಬೇಡಿ. ನಿರ್ಲಕ್ಷ್ಯದಿಂದ ಮಗು ಸತ್ತರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ 5 ವರ್ಷದವರೆಗೆ ಜೈಲಾಗಬಹುದು. ಅದನ್ನು ಯಾವ ಮುಚ್ಚಳಿಕೆಯೂ ತಪ್ಪಿಸದು.

ಮೊದಲು ಸಿಬ್ಬಂದಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ ನಿಯಮಗಳು (2020) ಮಕ್ಕಳೊಂದಿಗೆ ನಿತ್ಯ ಒಡನಾಡುವ ಸಂಸ್ಥೆಗಳ ಎಲ್ಲ ಸಿಬ್ಬಂದಿಗೂ ಪೊಲೀಸ್ ಪರಿಶೀಲನೆ ಆಗಬೇಕು ಎನ್ನುತ್ತವೆ. ಗುತ್ತಿಗೆಯವರೂ ಇದರಲ್ಲಿ ಸೇರುತ್ತಾರೆ. ನೃತ್ಯದ ಮೇಷ್ಟ್ರನ್ನು ವಿಚಾರಿಸಿ, ಅಡುಗೆಯವರನ್ನೂ ವ್ಯಾನ್ ಚಾಲಕರನ್ನೂ ಬಿಟ್ಟುಬಿಡುವುದೇ ಸಾಮಾನ್ಯ ಲೋಪ. ಪರಿಶೀಲನೆಗೆ ದಿನಗಳೇ ಹಿಡಿಯುತ್ತವೆ, ಶಿಬಿರದ ಹಿಂದಿನ ವಾರ ಓಡಾಡಿದರೆ ಆಗದು.

ಒಪ್ಪಿಗೆ ಪತ್ರ ಬೇಕೇ ಬೇಕು, ಆದರೆ ಮಾಹಿತಿಗಾಗಿ: ಅಲರ್ಜಿ, ಮೂರ್ಛೆ, ಆಸ್ತಮಾ, ನಿತ್ಯದ ಮಾತ್ರೆ, ಎರಡು ಫೋನ್ ನಂಬರು, ಮಗುವನ್ನು ಕರೆದೊಯ್ಯಬಹುದಾದವರ ಹೆಸರು. ‘ನಾನು ಇವನ ಮಾವ’ ಎಂದು ಯಾರೋ ಬಂದರೆ, ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮನೆಗೆ ಫೋನ್ ಮಾಡದೆ ಕಳಿಸಕೂಡದು.

ಹೊರಸಂಚಾರಕ್ಕೆ ಹೋದಾಗ ಬಸ್ ಹತ್ತುವಾಗ, ಇಳಿದಾಗ, ಊಟವಾದ ಮೇಲೆ, ಮತ್ತೆ ಹೊರಡುವ ಮುನ್ನ ತಲೆ ಎಣಿಸಿ. ಬರೀ ಸಂಖ್ಯೆ ಸಾಲದು, ಹೆಸರು ಕೂಗಿ ಹಾಜರಿ ಪುಸ್ತಕದಲ್ಲಿ ಗುರುತು ಹಾಕಿ. ಕೆರೆ, ಹೊಳೆ, ಕಲ್ಲುಕ್ವಾರಿಗೆ ಇಳಿಸಲೇಬೇಡಿ. ಈಜುಕೊಳವಾದರೆ ಕಲಿಸುವವರ ಹೊರತಾಗಿ ದಡದಲ್ಲಿ ನಿಂತು ನೀರನ್ನಷ್ಟೇ ನೋಡುವ ಒಬ್ಬರಿರಲಿ. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದಾಗ ಕೂಗಲು ಉಸಿರೇ ಇರುವುದಿಲ್ಲ. ಫೋನ್ ನೋಡುತ್ತಾ ನಿಂತವರಿಗೆ ಅದು ತಿಳಿಯುವುದೇ ಇಲ್ಲ.

ಪೆಟ್ಟಾದರೆ ಪ್ರಥಮ ಚಿಕಿತ್ಸೆ, ಅಗತ್ಯವಿದ್ದರೆ 108, ಆಮೇಲೆ ಪೋಷಕರಿಗೆ ಕರೆ. ನಡೆದದ್ದನ್ನು ಅಂದೇ ಸಮಯಸಹಿತ ಬರೆದಿಡಿ. ವಾರ ಕಳೆದು ಬರೆದದ್ದನ್ನು ಯಾರೂ ಸುಲಭವಾಗಿ ನಂಬರು.

ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ‘ನಾವೇ ವಿಚಾರಿಸುತ್ತೇವೆ’ ಎನ್ನಲು ನಿಮಗೆ ಅವಕಾಶವಿಲ್ಲ. ಪೋಕ್ಸೊ 19ನೇ ಕಲಂ ಪ್ರಕಾರ ಠಾಣೆಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತನ್ನ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ ಜೈಲು, ಜತೆಗೆ ದಂಡ. ದಾರಿ ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಗುವನ್ನು ನಾಲ್ಕು ಜನ ಸುತ್ತುವರಿದು ಮತ್ತೆ ಮತ್ತೆ ಕೇಳಬೇಡಿ. ಅದು ಹೇಳಿದ್ದನ್ನು ಅದರ ಮಾತಲ್ಲೇ ಬರೆದುಕೊಳ್ಳಿ. ಹೆಸರಾಗಲಿ, ಫೋಟೊವಾಗಲಿ ಶಿಬಿರದ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಬಾರದು.