ಹಿಂಡು ಕಂಡಲ್ಲಿ ಕೊಂಬಿಲ್ಲ: ಕೊಲೊರಾಡೊದಲ್ಲಿ ನನ್ನ ಅನುಭವ

ಗಂಡು ಎಲ್ಕ್ (ಅಮೆರಿಕದ ದೊಡ್ಡ ಜಿಂಕೆ) ವರ್ಷಕ್ಕೊಮ್ಮೆ ಉದುರಿಸುವ ಕೊಂಬು ಹೆಕ್ಕಿ ಮಾರುವವನು ನಾನು. ಹಿಂಡು ಕಂಡ ಜಾಗ ಬಿಟ್ಟು ಬೆಟ್ಟದ ಮೇಲೆ ಹುಡುಕುತ್ತೇನೆ ಅಂದಾಗ "ಅಷ್ಟು ಮೇಲೆ ಸೊಂಟದವರೆಗೆ ಹಿಮ ಇರುತ್ತೆ, ಎಲ್ಕ್ ಯಾಕೆ ನಿಲ್ಲುತ್ತೆ?" ಅಂತ ನಕ್ಕವರು ಈ ಮೇ ತಿಂಗಳಲ್ಲಿ ನನ್ನ ಪಿಕಪ್ ಹಿಂದೆ ಬಿದ್ದಿದ್ದ ರಾಶಿ ನೋಡಿ ಸುಮ್ಮನಾದರು. ಎಲ್ಲ ಕಂದು ಕೊಂಬು, ಈ ವರ್ಷದ್ದೇ. ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲರೂ ಮಾಡುವುದು ಒಂದೇ. ಚಳಿಗಾಲದಲ್ಲಿ ಮೀಕರ್, ಕ್ರೇಗ್ ಊರುಗಳ ಕಡೆ ಹೆದ್ದಾರಿಯಲ್ಲಿ ಹೋಗುವಾಗ ನೂರಾರು ಎಲ್ಕ್ ಕಾಣುತ್ತವೆ. ಫೋನಿನ ಮ್ಯಾಪಿನಲ್ಲಿ ಗುರುತು ಹಾಕುತ್ತಾರೆ. ಹೆಕ್ಕಲು ಬಿಡುವ ಮೊದಲ ದಿನ, ಮೇ 1ಕ್ಕೆ, ಬೆಳಗಾಗುವ ಮೊದಲೇ ಅಲ್ಲಿಗೆ ಓಡುತ್ತಾರೆ. ಸಂಜೆ ಒಂದೆರಡು ಬಿಳಿಚಿದ ಹಳೇ ಕೊಂಬು, ಜೊತೆಗೆ ಕಾಲು ನೋವು. ರಸ್ತೆಯಿಂದ ಕಾಣುವ ಆ ದೊಡ್ಡ ಹಿಂಡಿನಲ್ಲಿ ಹೆಚ್ಚಿನವು ಹೆಣ್ಣು ಮತ್ತು ಮರಿಗಳು. ಕೊಂಬೇ ಇಲ್ಲದವು ಉದುರಿಸುವುದೇನು?

ದೊಡ್ಡ ಗಂಡುಗಳು ಬೇರೆಯೇ ಇರುತ್ತವೆ. ಐದು, ಹತ್ತರ ಗುಂಪು, ಹಿಂಡಿಗಿಂತ ಸಾವಿರ, ಸಾವಿರದೈನೂರು ಅಡಿ ಮೇಲೆ. ದಕ್ಷಿಣಕ್ಕೆ ಮುಖ ಮಾಡಿದ ಕಡಿದಾದ ಇಳಿಜಾರು ನೋಡಿ. ಬಿಸಿಲು ಬೀಳುತ್ತದೆ, ಗಾಳಿ ಹಿಮವನ್ನು ಗುಡಿಸಿ ಹಾಕುತ್ತದೆ, ಏಣಿನ (ಬೆಟ್ಟದ ಚೂಪು ಬೆನ್ನಿನ) ತುದಿಯಲ್ಲಿ ಹಿಮವಿಲ್ಲದೆ ಹುಲ್ಲು ಕಾಣುತ್ತದೆ. ಕೆಳಗೆ ನಿಂತವರ ಬರಿಗಣ್ಣಿಗೆ ಸುತ್ತಲಿನ ಹಿಮ ಮಾತ್ರ ಕಾಣುತ್ತದೆ.

ಇಲ್ಲಿ ಐ-25 ಹೆದ್ದಾರಿಯ ಪಶ್ಚಿಮಕ್ಕೆ ಸಾರ್ವಜನಿಕ ಜಮೀನಿನಲ್ಲಿ ಜನವರಿ 1ರಿಂದ ಏಪ್ರಿಲ್ 30ರವರೆಗೆ ಕೊಂಬು ಹೆಕ್ಕುವ ಹಾಗಿಲ್ಲ. ಸರಿಯಾದ ನಿಯಮವೇ. ಹಸಿದ ಪ್ರಾಣಿಯನ್ನು ಹಿಮದಲ್ಲಿ ಓಡಿಸಿದರೆ ಅದು ಉಳಿಯುವುದು ಕಷ್ಟ. ಆದರೆ ರಸ್ತೆ ಬದಿಯಿಂದ ನೋಡುವುದಕ್ಕೆ ಅಡ್ಡಿ ಇಲ್ವಲ್ಲ. ಕಾರಿನ ಪಕ್ಕ ಟ್ರೈಪಾಡ್ ನಿಲ್ಲಿಸಿ ಸ್ಪಾಟಿಂಗ್ ಸ್ಕೋಪಿನಲ್ಲಿ (ದೂರದ್ದನ್ನು ಹತ್ತಿರ ತೋರಿಸುವ ದುರ್ಬೀನು) ಮೇಲೆ ಹಿಮವಿಲ್ಲದ ಕಂದು ಹುಲ್ಲಿನ ತೇಪೆಗಳನ್ನಷ್ಟೇ ಹುಡುಕುತ್ತೇನೆ. ಗಂಡುಗಳು ಜನವರಿಯಲ್ಲಿ ಎಲ್ಲಿದ್ದವು ಅನ್ನುವುದು ನನಗೆ ಬೇಡ. ಮಾರ್ಚ್ ಎರಡನೇ ಅರ್ಧದಲ್ಲಿ ಎಲ್ಲಿ ನಿಂತಿವೆ, ಅಷ್ಟೇ ಲೆಕ್ಕ. ದೊಡ್ಡವು ಮೊದಲು ಉದುರಿಸುತ್ತವೆ. ಒಂದೇ ಕಡೆ ಕೊಂಬಿರುವ ಗಂಡು ಕಂಡರೆ ಆ ಜಾಗಕ್ಕೆ ಕೆಂಪು ಗುರುತು. ಇನ್ನೊಂದು ಕೊಂಬು ಹೆಚ್ಚು ದೂರ ಹೋಗಿರುವುದಿಲ್ಲ. ಈ ಸಲ ಒಂದು ಜೋಡಿ ಇನ್ನೂರು ಹೆಜ್ಜೆ ಅಂತರದಲ್ಲೇ ಸಿಕ್ಕಿತು, ಎರಡನೆಯದು ಬೇಲಿ ಹಾರುವ ಜಾಗದಲ್ಲಿ. ಎಡಗೊಂಬು ಸಿಕ್ಕಾಗ ಬಲಗೊಂಬು ಹುಡುಕಲು ಮೇಲೆ ಹೋಗಬೇಕೋ ಕೆಳಗೋ ಅನ್ನುವುದಕ್ಕೆ ನನ್ನದೊಂದು ಲೆಕ್ಕ ಇದೆ. ಅದು ನನ್ನ ಹತ್ತಿರವೇ ಇರಲಿ.

ದುಡ್ಡಿನ ವಿಷಯ. ಸೆಕೆಂಡ್ ಹ್ಯಾಂಡ್ ಸ್ಕೋಪಿಗೇ ಸಾವಿರ ಡಾಲರ್ ಹತ್ತಿರ ಹೋಯಿತು. ಫೋರ್ಟ್ ಕಾಲಿನ್ಸ್‌ನಿಂದ ಮೀಕರ್‌ಗೆ ಹೋಗಿ ಬರಲು ಸುಮಾರು 500 ಮೈಲಿ, ಪ್ರತಿ ಸಲ ಪೆಟ್ರೋಲಿಗೆ ನೂರು ಡಾಲರ್ ಹತ್ತಿರ. ಮೋಟೆಲ್ ಇಲ್ಲ, ಪಿಕಪ್‌ನಲ್ಲೇ ನಿದ್ದೆ. ಮೊದಲ ವರ್ಷಗಳಲ್ಲಿ ಕೈಯಿಂದ ದುಡ್ಡು ಹೋದದ್ದೇ ಬಂತು. ಈ ಸಲ 90 ಪೌಂಡ್ ಚಿಲ್ಲರೆ ಕಂದು ಕೊಂಬು ಮಾರಿದೆ, ಪೌಂಡಿಗೆ 15 ಡಾಲರ್ ಆಸುಪಾಸು. ಬಿಳಿಗೆ ಅದರ ಅರ್ಧ. ಬಿರುಕು ಬಿಟ್ಟು ಸುಣ್ಣದಂತಾದದ್ದಕ್ಕೆ ಒಂದೆರಡು ಡಾಲರ್ ಸಿಕ್ಕರೆ ಪುಣ್ಯ. ಬಹುಪಾಲು ನಾಯಿಗಳು ಕಡಿಯುವ ತುಂಡಾಗುತ್ತದೆ. ಖರ್ಚು ಕಳೆದು ಸ್ವಲ್ಪ ಉಳಿಯಿತು ಅನ್ನಿ. "ಗಂಟೆ ಲೆಕ್ಕ ಹಾಕಿದರೆ ಪಿಜ್ಜಾ ಅಂಗಡಿ ಕೆಲಸವೇ ವಾಸಿ ಕಣ್ರೀ" ಅಂತಾಳೆ ನನ್ನ ಹೆಂಡತಿ.

ಕೊಳ್ಳುವವರ ಮುಂದೆ ರಾಶಿ ಸುರಿಯಬೇಡಿ. ಒಬ್ಬ ಒಂದು ಬದಿ ಮಾಸಿದ್ದನ್ನೆಲ್ಲ ಬಿಳಿಗೆ ಸೇರಿಸಿಬಿಟ್ಟಿದ್ದ. ಈಗ ಮನೆಯಲ್ಲೇ ವಿಂಗಡಿಸಿ, ನೇತು ಹಾಕುವ ತಕ್ಕಡಿಯಲ್ಲಿ ತೂಗಿ, ಚೀಟಿ ಕಟ್ಟಿಕೊಂಡೇ ಹೋಗುತ್ತೇನೆ.

ಮಧ್ಯೆ ಒಂದಿಷ್ಟು ಹುಚ್ಚಾಟವೂ ನಡೆಯಿತು. ನಮ್ಮ ಲ್ಯಾಬ್ರಡಾರ್‌ಗೆ ಹಿತ್ತಲಲ್ಲಿ ಕೊಂಬು ಬಚ್ಚಿಟ್ಟು ಹುಡುಕುವುದನ್ನು ಕಲಿಸಿದೆ. ಹಿತ್ತಲಲ್ಲಿ ಒಂದೂ ಬಿಡಲಿಲ್ಲ. ಬೆಟ್ಟದಲ್ಲಿ ಮೊಲದ ಹಿಂದೆ ಓಡಿ, ದನದ ತೊಡೆ ಮೂಳೆ ಕಚ್ಚಿಕೊಂಡು ಬಂದ! ಹಿತ್ತಲಲ್ಲಿ ಅವನು ಹುಡುಕುತ್ತಿದ್ದದ್ದು ನನ್ನ ಕೈ ವಾಸನೆಯನ್ನು. ಕೊಂಬನ್ನು ಕುದಿಸಿ, ಗ್ಲೌಸ್ ಹಾಕಿ ಇಡಲು ಶುರು ಮಾಡಿದ ಮೇಲೆ ದಾರಿಗೆ ಬಂದ. ಇನ್ನೊಂದು, ಗೆಳೆಯನ ಜಮೀನಿನಲ್ಲಿ ರಾತ್ರಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಹಿಡಿದು ಓಡಾಡಿದೆ. ಕೊಂಬು ನೀಲಿಯಾಗಿ ಹೊಳೆಯುವುದು ನಿಜ. ಹಳೇ ಮೂಳೆ, ಕೆಲವು ಕಲ್ಲುಗಳೂ ಹೊಳೆಯುತ್ತವೆ. ಪಾಪಾಸುಕಳ್ಳಿ ಮಾತ್ರ ಹೊಳೆಯಲಿಲ್ಲ, ಅದು ಮೊಣಕಾಲಿಗೇ ಗೊತ್ತಾಯಿತು. ಪೋಲರೈಸ್ಡ್ ಕನ್ನಡಕವನ್ನೂ ಬಿಟ್ಟೆ. ಮಳೆ ಬಂದು ನಿಂತಾಗ, ಮೋಡದ ಬೆಳಕಿನಲ್ಲಿ ಒದ್ದೆ ಕೊಂಬು ಪಳಪಳ ಅನ್ನುತ್ತದೆ. ಆ ಕನ್ನಡಕ ಆ ಹೊಳಪನ್ನೇ ತಿಂದುಹಾಕುತ್ತದೆ.

ಮೈಸೂರಿನ ನಮ್ಮ ಸೋದರಮಾವನಿಗೆ ಫೋಟೋ ಕಳಿಸಿದರೆ "ಇದನ್ನೆಲ್ಲ ಇಲ್ಲಿಗೆ ತರಬೇಡಪ್ಪ" ಅಂದರು. ಸರಿಯೇ. ನಮ್ಮ ಕಾಡಿನಲ್ಲಿ ತಾನಾಗಿ ಬಿದ್ದ ಕಡವೆ ಕೊಂಬು ಹೆಕ್ಕಿದರೂ 1972ರ ವನ್ಯಜೀವಿ ಕಾಯ್ದೆಯಡಿ ಕೇಸು. ಇಲ್ಲಿಯೂ ರಾಕಿ ಮೌಂಟನ್ ನ್ಯಾಷನಲ್ ಪಾರ್ಕಿನೊಳಗೆ ಒಂದು ತುಂಡೂ ಎತ್ತುವಂತಿಲ್ಲ. ಎಸ್ಟೆಸ್ ಪಾರ್ಕ್ ಊರಿನ ರಸ್ತೆಯಲ್ಲೇ ಎಲ್ಕ್ ನಿಂತಿರುತ್ತವೆ, ನೋಡಿ ಬಾಯಿ ಚಪ್ಪರಿಸಬೇಕಷ್ಟೇ.

ಮುಂದಿನ ವರ್ಷ ಕೊಲೊರಾಡೊದ್ದೇ ಗನ್ನಿಸನ್ ಕಡೆ ಇದೇ ಲೆಕ್ಕ ಹಾಕಿ ನೋಡುವ ಯೋಚನೆ ಇದೆ. ಅಲ್ಲಿ ಮೇ 1ರಿಂದ 15ರವರೆಗೆ ಬೆಳಿಗ್ಗೆ 10ರ ನಂತರವೇ ಹೆಕ್ಕಬೇಕು. ಈ ವರ್ಷದ ಏಣು ಯಾವುದು ಅಂತ ಮಾತ್ರ ಕೇಳಬೇಡಿ. ಮೀಕರ್‌ನಿಂದ ಪೂರ್ವಕ್ಕೆ, ಅಷ್ಟೇ.