‘ಅಲೋ’ ಒತ್ತಿದ್ದು ನಾನೇ

ಗದಗಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಆನ್‌ಲೈನ್ ಅರ್ಜಿಗಳನ್ನೂ ತುಂಬಿ ಕೊಡುತ್ತೇನೆ. ಬೆಳೆ ವಿಮೆಯ ದಿನಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಂಥದ್ದೇ ಒಂದು ದಿನ, ಮುಳಗುಂದದ ಕಾಕಾ ಒಬ್ಬರ ಉತಾರದ (ಪಹಣಿ) ಪಿಡಿಎಫ್ ಸಣ್ಣದು ಮಾಡಬೇಕಿತ್ತು. ಅವಸರದಲ್ಲಿ ಯಾವುದೋ ಸೈಟ್ ತೆರೆದು, ದೊಡ್ಡದಾಗಿ ಕಂಡ ‘ಡೌನ್‌ಲೋಡ್’ ಒತ್ತಿದೆ.

ಸ್ಕ್ರೀನ್ ಪೂರ್ತಿ ನೀಲಿಯಾಯಿತು. ಬೀಪ್ ಬೀಪ್ ಸದ್ದು. ‘ನಿಮ್ಮ ಕಂಪ್ಯೂಟರಿನಲ್ಲಿ ಸ್ಪೈವೇರ್ (ಕದ್ದು ನೋಡುವ ಪ್ರೋಗ್ರಾಂ) ಇದೆ, ಆಫ್ ಮಾಡಬೇಡಿ’ ಅಂತ ಇಂಗ್ಲಿಷಿನಲ್ಲಿ ಒಂದು ದನಿ. ಕೆಳಗೆ ಫೋನ್ ನಂಬರ್.

‘ತಮ್ಮಾ, ನನ್ನ ಆಧಾರ್ ಅದರಾಗ ಐತಲ್ಲೋ. ಕಳುವಾತೇನ?’ ಅಂದರು ಕಾಕಾ.

ನಂಬರ್ ನೋಡಿದ ಕೂಡಲೇ ನನಗೆ ಧೈರ್ಯ ಬಂತು. ವಿಂಡೋಸ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಒಂದು ವೆಬ್ ಪುಟ ಸುಮ್ನೆ ತೆರೆದುಕೊಂಡು ನಮ್ಮ ಕಂಪ್ಯೂಟರಿನ ವೈರಸ್ ಹುಡುಕಲೂ ಆಗುವುದಿಲ್ಲ. ಎಸ್ಕೇಪ್ ಕೀ ಒತ್ತಿ ಹಿಡಿದೆ, ಫುಲ್ ಸ್ಕ್ರೀನ್ ಹೋಯಿತು. ಆದರೂ ಟ್ಯಾಬ್ ಮುಚ್ಚಲಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರ್ ಮುಚ್ಚಿದೆ. ಮತ್ತೆ ತೆರೆದಾಗ ‘ರಿಸ್ಟೋರ್’ ಕೇಳಿತು, ಒತ್ತಲಿಲ್ಲ. ಒತ್ತಿದರೆ ಅದೇ ಪುಟ ವಾಪಸ್ ಬರುತ್ತದೆ.

ವಿಂಡೋಸ್ ಸೆಕ್ಯೂರಿಟಿಯಲ್ಲಿ ಫುಲ್ ಸ್ಕ್ಯಾನ್ ಮಾಡಿದೆ. ಏನೂ ಸಿಗಲಿಲ್ಲ. ಆದರೆ ಮರುದಿನ ಬೆಳಿಗ್ಗೆಯಿಂದ ಸ್ಕ್ರೀನಿನ ಬಲಮೂಲೆಯಲ್ಲಿ ‘5 ವೈರಸ್ ಸಿಕ್ಕಿವೆ’ ಅಂತ ಚೀಟಿ ಮೇಲೆ ಚೀಟಿ. ಎರಡು ದಿನ ಕಾರಣವೇ ತಿಳಿಯಲಿಲ್ಲ. ಕೊನೆಗೆ ಕ್ರೋಮ್‌ನ ಸೆಟ್ಟಿಂಗ್ಸ್, ಅದರೊಳಗೆ ಪ್ರೈವಸಿ ಅಂಡ್ ಸೆಕ್ಯೂರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ತನಕ ಹೋದೆ. ಹೆಸರೇ ಕೇಳಿರದ ಒಂಬತ್ತು ಸೈಟು ಅಲ್ಲಿದ್ದವು! ‘ರೋಬೋಟ್ ಅಲ್ಲ ಅಂತ ತೋರಿಸಲು ಅಲೋ (Allow) ಒತ್ತಿ’ ಅಂತ ಕೇಳುತ್ತಾವಲ್ಲ, ಅದನ್ನು ನಂಬಿ ಒತ್ತಿದ್ದು ನಾನೇ. ಅದು ನೋಟಿಫಿಕೇಶನ್ ಕಳಿಸಲು ಕೊಡುವ ಅನುಮತಿ. ಒಂಬತ್ತನ್ನೂ ತೆಗೆದೆ, ಇನ್ನು ಯಾವ ಸೈಟೂ ಕೇಳದಂತೆ ಮಾಡಿದೆ. ಚೀಟಿ ನಿಂತವು.

ಅಂಥ ನೀಲಿ ಸ್ಕ್ರೀನಿನ ನಂಬರಿಗೆ ಫೋನ್ ಮಾಡಿ, ಆ ಮೋಸಗಾರರು ಹೇಳಿದ, ಕಂಪ್ಯೂಟರನ್ನು ದೂರದಿಂದಲೇ ನಡೆಸುವ ಆ್ಯಪ್ ಹಾಕಿಕೊಂಡು ಬಂದವರನ್ನೂ ನೋಡಿದ್ದೇನೆ. ಆಗ ನಾನು ಮೊದಲು ನೆಟ್ ಬಂದ್ ಮಾಡುತ್ತೇನೆ. ಬೇರೆ ಫೋನಿನಿಂದ ಬ್ಯಾಂಕಿಗೆ ಮಾತಾಡಿಸಿ, ಪಾಸ್‌ವರ್ಡ್ ಬದಲಿಸುತ್ತೇವೆ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ಆ ನಂಬರನ್ನು ಕೌಂಟರಿನ ಗಾಜಿನ ಕೆಳಗೆ ಬರೆದಿಟ್ಟಿದ್ದೇನೆ.

ಮುಂದಿನ ವಾರ ಕಾಕಾ ತಮ್ಮ ಮೊಬೈಲ್ ತಂದರು. ‘ಇದರಾಗೂ ಹಂಗ ಬರ್ತಾವು, ನೋಡ.’ ನೋಡಿದೆ. ಏಳು ಸೈಟು.